ಪರಖಿ

ಸೂಪರ್ ಮಾರ್ಕೆಟ್ಟಿನ ಮಾಳಿಗೆ ಮೇಲಿನ ಆಫೀಸು.
ನುಜಹತ್ ಎಂಬ ಹುಡುಗಿ ಎರಡು ಕಾಗದ ಮುಂದಿಟ್ಟಳು:
"ಕಾಕಾ, ಇದು ಬಾಂಡ್ ಇಂಡೆಕ್ಸ್ ಫಂಡ್.
ಇದು ಶೇರಿನದು, ಮ್ಯಾನೇಜರ್ ಆರಿಸಿ ಕೊಳ್ಳೋದು.
ಯಾವುದು ಬೇಕು ಹೇಳ್ರಿ."
ಫ್ಯಾನು ಎರಡನ್ನೂ ಹಾರಿಸಲು ನೋಡಿತು.
ಒಂದರ ಮೇಲೆ ಕನ್ನಡಕದ ಡಬ್ಬಿ,
ಇನ್ನೊಂದರ ಮೇಲೆ ಕೈ ಇಟ್ಟೆ.

ಮೂವತ್ನಾಲ್ಕು ವರ್ಷ ಗಂಜಿನ ಅಡತಿಯಲ್ಲಿ
ಕಿರ್ದಿ ಬರೆದವನು ನಾನು.
ಮಂದಿಯ ಲಕ್ಷಗಳಿಗೆ ಸೊನ್ನೆ ಹಚ್ಚಿದ ಬೆರಳು
ತನ್ನವೇ ಒಂಬತ್ತು ಲಕ್ಷ ಅಂದಾಗ
ಬೆವರುತ್ತದೆ.

ಶೇರಿನ ಕಾಗದದಲ್ಲಿ ಮ್ಯಾನೇಜರನ ಫೋಟೋ ಇತ್ತು,
ಟೈ, ಹಲ್ಲು, ಹದಿನೇಳು ವರ್ಷದ ಅನುಭವ.
ನನಗೆ ಕಂಡದ್ದು ನಮ್ಮ ರೇವಣಸಿದ್ದಪ್ಪ ಸಾಹುಕಾರ.
ಪರಖಿಯನ್ನು ಚೀಲದ ಹೊಟ್ಟೆಗೆ ಚುಚ್ಚಿ
ಅಂಗೈಗಿಳಿದ ತೊಗರಿಯಲ್ಲಿ ಎರಡು ಕಾಳು ಕಡಿದು
ಕಣ್ಣು ಮುಚ್ಚುತ್ತಿದ್ದ.
ಹಮಾಲರು ಉಸಿರು ಹಿಡಿಯುತ್ತಿದ್ದರು.
"ತಗೋ" ಅಂದರೆ ಇಡೀ ಲಾರಿ.
"ಬ್ಯಾಡ" ಅಂದರೆ ಸ್ವಂತ ಅಣ್ಣನ ಮಾಲೂ ಬ್ಯಾಡ.

ಒಂದು ಸುಗ್ಗಿಯಲ್ಲಿ ಎಲ್ಲರೂ ಮಾರುವಾಗ ಆತ ಕೊಂಡ.
ದಸರೆಗೆ ದರ ಎರಡರಷ್ಟು.
ಗಂಜೆಲ್ಲ ಆ ಹಲ್ಲಿನ ಮಾತೇ ಮಾತು.
ಮುಂದೆ ಮೂರು ವರ್ಷ ಹಲ್ಲು ತಪ್ಪಿದ್ದು
ನನ್ನ ಕಿರ್ದಿಗೆ ಗೊತ್ತು, ಗಂಜಿಗಲ್ಲ.
ಗೆದ್ದದ್ದು ಕಥೆಯಾಗುತ್ತದೆ,
ಸೋತದ್ದು ಪುಟವಾಗುತ್ತದೆ,
ಪುಟ ಓದುವವನು ಮುನೀಮನೊಬ್ಬನೇ.

ಆದರೂ ಸುಳ್ಳು ಹೇಳಬಾರದು.
ಆ ಒಂದು ವರ್ಷದ ಬೋನಸ್ಸಿನಲ್ಲೇ
ಜಗದೇವಿಯ ಕಿವಿಗೆ ಬೆಂಡೋಲೆ ಬಂದದ್ದು.

"ಇವರ ಖರ್ಚೆಷ್ಟವ್ವಾ?"
"ಶೇರಿನದಕ್ಕ ವರ್ಷಕ್ಕ ನೂರಕ್ಕ ಒಂದು ರೂಪಾಯಿ ಎಂಬತ್ತು ಪೈಸೆ.
ಬಾಂಡಿನದಕ್ಕ ಇಪ್ಪತ್ತು ಪೈಸೆ."
"ಸೋತ ವರ್ಷ?"
"ಆಗನೂ ಅಷ್ಟೇ, ಕಾಕಾ."
ಅಡತಿಯಲ್ಲಿ ನರೆತವನು ನಾನು, ನಕ್ಕೆ.
ಮಾಲು ಹಸಿಯಿರಲಿ, ಹುಳ ಹತ್ತಿರಲಿ,
ದಲಾಲಿ ಮಾತ್ರ ಒಣಗಿಯೇ ಇರುತ್ತದೆ.

ಬಾಂಡಿನ ಕಾಗದದಲ್ಲಿ ಯಾರ ಮುಖವೂ ಇಲ್ಲ.
ಬರೀ ಪಟ್ಟಿ: ದಿಲ್ಲಿಯ ಸಾಲ, ರಾಜ್ಯಗಳ ಸಾಲ,
ತೀರಿಸುವ ವರ್ಷ, ಬಡ್ಡಿ.
ಪಟ್ಟಿಯಲ್ಲಿದ್ದದ್ದನ್ನು ಇದ್ದ ಹಾಗೇ ಕೊಳ್ಳುವುದಂತೆ,
ಕಡಿದು ನೋಡುವ ಹಲ್ಲೇ ಬೇಡವಂತೆ.
ನನ್ನದೇ ಫೋಟೋ ಹಾಕಬಹುದಿತ್ತಲ್ಲ ಅಲ್ಲಿ.

"ಇದು ಮುಳುಗಂಗಿಲ್ಲೇನು?"
"ಮುಳುಗೋದು ಕಡಿಮಿ. ನಡುವ ತಗ್ಗತದ."
ಬಡ್ಡಿ ಏರಿದರೆ ಹಳೆ ಕಾಗದದ ಬೆಲೆ ಇಳಿಯುತ್ತದಂತೆ.
ತಲೆಗೆ ಹೋಗಲಿಲ್ಲ.
ಆಮೇಲೆ ಗುಂಡೇರಾಯನ ಚೀಟಿ ನೆನಪಾಯಿತು,
ನೂರಕ್ಕೆ ಆರರಂತೆ ಬರೆಸಿಕೊಂಡದ್ದು.
ಪೇಟೆಯಲ್ಲಿ ಒಂಬತ್ತು ನಡೆದಾಗ ಮಾರಲು ಹೋದರೆ
ನಿನ್ನೆಯ ಬಸ್ ಟಿಕೆಟ್ಟಿನ ಹಾಗೆ ತಿರುಗಿಸಿ ನೋಡಿದರು.
ಚೀಟಿ ಸುಳ್ಳಿರಲಿಲ್ಲ,
ಗಡುವಿನ ದಿನ ಗುಂಡೇರಾಯ ಪೂರ್ತಿ ಎಣಿಸಿದ.
ಅವಸರ ನನ್ನದಿತ್ತು.
"ಇದಕ್ಕೂ ಒಂದು ಗಡುವಿನ ವರ್ಷ ಅದ, ಕಾಕಾ,
ಅಲ್ಲೀತನಕ ಕುಂತರ ಆಯ್ತು."

ಫೋನಿನಲ್ಲಿ ಹತ್ತು ವರ್ಷದ ಎರಡು ಗೆರೆ ತೋರಿಸಿದಳು.
ಒಂದು ಕಾಲುದಾರಿಯ ಹಾಗೆ ಮೆಲ್ಲಗೆ ಏರುತ್ತಿತ್ತು.
ಶೇರಿನದು ಬಹಳ ಮೇಲೆ, ನಡುವೆ ಒಂದು ಕುಣಿ.
"ಇಲ್ಲೇನಾಗಿತ್ತು?"
"ಕೊರೊನಾ."
ಆ ಕುಣಿಯಲ್ಲಿ ನನ್ನ ತಮ್ಮ ಅಂಬಾರಾಯ ಇದ್ದಾನೆ.
ಆಸ್ಪತ್ರೆಗೆ ರೊಕ್ಕ ಬೇಕಾದದ್ದೂ ಅದೇ ತಿಂಗಳು.
ಗೆರೆ ಆರು ತಿಂಗಳಲ್ಲಿ ಎದ್ದು ಬಂತು
ಅಂದಳು ಹುಡುಗಿ, ಸಮಾಧಾನಕ್ಕೆ.
ಹೌದು, ಗೆರೆ ಬಂತು.

ಜಗದೇವಿಗೆ ಫೋನು ಹಚ್ಚಿದೆ.
ಅವಳ ಮೊಣಕಾಲು ಇನ್ನು ಎರಡು ವರ್ಷ ತಡೆಯಬಹುದು
ಅಂದಿದ್ದಾರೆ ಡಾಕ್ಟರು.
"ಕಾಲಿನ ರೊಕ್ಕ ಬ್ಯಾಂಕಿನಾಗೇ ಇರಲಿ," ಅಂದಳು,
"ಉಳಿದದ್ದು ಆ ಮುಖ ಇಲ್ಲದ್ದಕ್ಕ ಹಾಕ್ರಿ."
ಕುಕ್ಕರು ಒಂದು ಸೀಟಿ ಕೂಗಿತು.
"ಮತ್ತ ಬೆಂಡೋಲಿ ಕೊಟ್ಟ ಹಲ್ಲಿಗೂ ಒಂದು ಲಕ್ಷ ಹಾಕ್ರಿ,
ಮರತಂಗ ಇರ್ರಿ ಅದನ್ನ."

ಸಹಿ ಹಾಕಿ ಗಂಜಿನ ಮೇಲಿಂದಲೇ ನಡೆದೆ.
ಸಾಹುಕಾರನ ಅಂಗಡಿಗೆ ಈಗ ಬೇರೆ ಬೋರ್ಡು.
ಕಟ್ಟೆಯ ಮುಂದೆ ಚೆಲ್ಲಿದ್ದ ತೊಗರಿಯಲ್ಲಿ
ಎರಡು ಕಾಳು ಆರಿಸಿ
ಬಾಯಿಗೆ ಹಾಕಿ ಕಡಿದೆ, ಕಣ್ಣು ಮುಚ್ಚಿ,
ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ.

ಏನೂ ತಿಳಿಯಲಿಲ್ಲ.
ಗಟ್ಟಿ ಇತ್ತು.