೨೧೪ನೇ ಬಿಲ್ಲೆ

ಕೋಟು ಕಾಯುವುದು ನನ್ನ ಕೆಲಸವಾಗಿತ್ತು,
ಮ್ಯಾನ್‌ಹಟನ್ನಿನ ಪಡುಗಡೆ, ಹೊಳೆಗೆ ಹತ್ತಿರ,
ಕಸಾಯಿ ಗೋದಾಮುಗಳ ಸಾಲಿನಲ್ಲಿ.
ಹಂದಿಗಳನ್ನು ತಣ್ಣಗಿಡುತ್ತಿದ್ದ ಕಟ್ಟಡ ಅದು;
ಸೂರಿನ ಕೊಕ್ಕೆಗಳಿಗೆ ಬೆಳ್ಳಿಬಣ್ಣ ಬಳಿಸಿ
ಮಾಲೀಕ ಕನ್ನಡಿಗೋಲ ತೂಗಿಸಿದ್ದ.

ಕೋಟಿಗೊಂದು ಹಿತ್ತಾಳೆ ಬಿಲ್ಲೆ, ಎರಡು ಡಾಲರು.
ಬಿಲ್ಲೆ ಕಳಕೊಂಡರೆ ಕೊನೆಯ ಕೋಟು ಹೋಗುವ ತನಕ ಕಾಯಬೇಕು.
ಯಾವ ಕಟ್ಟಳೆಗೂ ಬಗ್ಗದವರು ಇದೊಂದಕ್ಕೆ ಬಗ್ಗುತ್ತಿದ್ದರು.

ಸುರಂಗದ ರೈಲಿಳಿದು ಬರುವಾಗ ಎಲ್ಲರೂ ಗುಮಾಸ್ತರೇ:
ಬೂದು ಉಣ್ಣೆ, ಕಂದು ಉಣ್ಣೆ, ಗಂಟಲವರೆಗೆ ಗುಂಡಿ.
ರೈಲಿನಲ್ಲಿ ಹಲ್ಲುದುರಿಸುವವರಿದ್ದರು, ಅದಕ್ಕೆ.
ನನ್ನ ಕಟ್ಟೆಯೆದುರು ಗುಂಡಿ ಬಿಚ್ಚಿದರೆ
ಅಯ್ಯೋ ದೇವರೇ,
ಎದೆ ತುಂಬ ಬೊಂಬೆಗಳ ಕಿತ್ತ ಕೈ,
ಬಚ್ಚಲ ಪರದೆಯ ಲಂಗ, ಅದರೊಳಗೆ ಮಿಣುಕು ಬಲ್ಬು,
ಗೇಣುದ್ದ ಅಟ್ಟೆಯ ಬೂಟು,
ಬೋಳಿಸಿದ ಹುಬ್ಬಿನ ಜಾಗದಲ್ಲಿ ಎರಡು ಸಾಲು ಚಮಕಿ.
‘ಒಡಾಲಿಸ್, ನನ್ನ ಕೊಂಬು ನೆಟ್ಟಗಿದೆಯಾ?’
ಎಡಗಡೆಯದು ಸೊಟ್ಟಗಿದೆ ಮಗನೇ, ಬಾ ಇಲ್ಲಿ.

ಅವರಲ್ಲೊಬ್ಬಳು ನ್ಯಾಫ್ತಲೀನ್ ರಾಣಿ.
ಹೆಸರು ಬಂದದ್ದು ಕೋಟಿನಿಂದ. ಅಜ್ಜನ ಕಪಾಟಿನಿಂದ ಕದ್ದದ್ದು;
ನೆಬ್ರಾಸ್ಕಾದಿಂದ ಎರಡು ದಿನ ಬಸ್ಸಿನಲ್ಲಿ ಬಂದರೂ
ನುಸಿಗುಳಿಗೆಯ ವಾಸನೆ ಬಿಟ್ಟಿರಲಿಲ್ಲ.
ನಾಚಿಕೆಯನ್ನೇ ಒಡವೆ ಮಾಡಿಕೊಂಡ ಹುಡುಗ:
ನುಸಿಗುಳಿಗೆ ಪೋಣಿಸಿ ಮೂರೆಳೆ ಮುತ್ತಿನ ಹಾರ,
ತಲೆಯ ಮೇಲೆ ಹಕ್ಕಿಯಿಲ್ಲದ ಪಂಜರ, ಮೈಗೆಲ್ಲ ಬೆಳ್ಳಿ.
ಗುಂಡಿ ಹಾಕಿದರೆ ಅವನು, ಬಿಚ್ಚಿದರೆ ಅವಳು,
ಎರಡಕ್ಕೂ ಓಗೊಡುತ್ತಿತ್ತು ಜೀವ.
‘ನನ್ನನ್ನು ಯಾವ ಹುಳವೂ ತಿನ್ನೋದಿಲ್ಲ ಒಡಾಲಿಸ್’
ಎಂದು ನಕ್ಕರೆ ಹಾರ ಕಟಕಟ ಅನ್ನುವುದು.

ಬಂದು ನಿಂತರೆ ಸಾಕು, ಮಾಲೀಕ ಅವರಿಗೆ ಕೂಲಿ ಕೊಡುತ್ತಿದ್ದ,
ಅರ್ಧ ನೋಟಿನಲ್ಲಿ, ಅರ್ಧ ಪುಡಿಯಲ್ಲಿ,
ಕುದುರೆಯನ್ನು ಮಲಗಿಸಿ ಕೊಯ್ಯಲಿಕ್ಕೆ ಕೊಡುವ ಪುಡಿ.
ಗುಳಿಗೆ ಕೊರಳಿಂದ ನಾಲಿಗೆಗೆ ಇಳಿದದ್ದು ಯಾವಾಗಲೋ.
ನನಗೆ ಗೊತ್ತಿತ್ತು.
ಕೋಟು ಎತ್ತಿಡುವಾಗ ಜೇಬು ಕೈಗೆ ತಾಗುತ್ತದೆ.
ಟಿಪ್ಸಿನ ಡಬ್ಬಿಯೂ ತುಂಬುತ್ತಿತ್ತು,
ನನಗೆ ಬಾಡಿಗೆ ಇತ್ತು,
ಬಾಯಿ ಇರಲಿಲ್ಲ.

ಬೆಳಗಿನ ಐದಕ್ಕೆ ಬಾಗಿಲು ತೆರೆದರೆ ಎದುರಿಗೇ ಲಾರಿ,
ಇಳಿಯುವ ಅರೆಹಂದಿಗಳು, ಬೀದಿ ತೊಳೆಯುವ ತಾದೆಯುಷ್.
ಅವನ ಅಂಗಿಯ ತುಂಬ ರಕ್ತ, ಇವರ ಕೆನ್ನೆಯ ತುಂಬ ರಕ್ತ.
‘ನಿಮ್ಮದು ಒಗೆದರೆ ಹೋಗುತ್ತಾ?’ ಎಂದು ಕೂಗುತ್ತಿದ್ದ ಮುದುಕ.
‘ನಿಂದು?’ ಅಂತ ಇವರು.
ನೀರಿನ ಪೈಪನ್ನು ಬೂಟಿನ ಹತ್ತಿರಕ್ಕೆ ತಿರುಗಿಸಿ ಕುಣಿಸುತ್ತಿದ್ದ.

ಮಾರ್ಚಿಯ ಒಂದು ರಾತ್ರಿ, ಮೂರೂವರೆ.
ಕಾವಲಿನ ಇಬ್ಬರು ರಾಣಿಯನ್ನು ಹಿಂದಿನ ಬಾಗಿಲಿಗೆ ಹೊತ್ತರು.
ಪಂಜರ ಚೌಕಟ್ಟಿಗೆ ಸಿಕ್ಕಿತು;
ಹಿಂದೆ ಸರಿದು, ಓರೆ ಮಾಡಿ, ಮತ್ತೆ ಹೊತ್ತರು,
ಸೋಫಾ ಸಾಗಿಸುವವರ ಹಾಗೆ.
ಹಾಡು ನಿಲ್ಲಲಿಲ್ಲ. ಟ್ಯಾಕ್ಸಿ ನಿಂತಿತ್ತು.
ಅಂಗಳದಲ್ಲಿ ಬಿಳೀ ಗುಳಿಗೆಗಳು ಉರುಳುತ್ತಿದ್ದವು,
ಯಾರೋ ಒಂದನ್ನು ಹೆಕ್ಕಿ ನೆಕ್ಕಿ ಥೂ ಅಂದರು.

ಕೊನೆಯ ಕೋಟೂ ಹೋಯಿತು. ೨೧೪ ಉಳಿಯಿತು.

ಒಂಬತ್ತು ದಿನ ಉಳಿಯಿತು. ಹತ್ತನೇ ದಿನ ಜೇಬು ನೋಡಿದೆ:
ರೈಲಿನ ಎರಡು ಟೋಕನ್, ಮುರಿದ ಬಿಸ್ಕತ್ತು,
ಹಲ್ಲಿನ ಡಾಕ್ಟರ ಚೀಟಿ.
ಲೈಲ್ ಟ್ರಾಸ್ಕ್. ಮಂಗಳವಾರ, ಹತ್ತೂವರೆ.
ಆ ಹೆಸರನ್ನು ನಾನು ಓದಿದ್ದು ಅದೇ ಮೊದಲು.
ಚೀಟಿಯ ನಂಬರಿಗೆ ಫೋನು ಹಚ್ಚಿದೆ.
‘ಟ್ರಾಸ್ಕ್? ಬರಲೇ ಇಲ್ಲ. ಇಪ್ಪತ್ತು ಡಾಲರು ದಂಡ’ ಎಂದಳು ಹುಡುಗಿ.
ಅಂಚೆಯಲ್ಲಿ ಕಳಿಸಿದೆ.

ಬೆಲ್‌ವ್ಯೂ ಆಸ್ಪತ್ರೆಯ ನೆಲಮಾಳಿಗೆಗೆ ಹೋಗಿ
ಬೆಳ್ಳಿ ಇನ್ನೂ ಬಿಡದ ಒಂದು ಕಿವಿ ನೋಡಿ
ಹೌದು ಅಂದವಳೂ ನಾನೇ.

ಕೋಟು ಈಗ ಬ್ರಾಂಕ್ಸಿನ ನನ್ನ ಕಪಾಟಿನಲ್ಲಿ.
ಬಿಲ್ಲೆ ತಂದವರಿಗೆ ಕೊಡುತ್ತೇನೆ.
ನುಸಿಗುಳಿಗೆ ಇಡಲು ಕೈ ಬರುವುದಿಲ್ಲ.
ಎಡದ ತೋಳಿನಲ್ಲಿ ಹುಳ ಬಿದ್ದಿದೆ.