ಕಾಲಿಗೆ ಬುದ್ಧಿ ಹೇಳುವುದು

ತೈತುಂಗಿನ ಈ ಕರಾವಳಿಯಲ್ಲಿ ಬೆಳಗಿನ ಐದೂಮುಕ್ಕಾಲಿಗೆ
ಸಮುದ್ರಕ್ಕೂ ನನಗೂ ಮಾತ್ರ ಎಚ್ಚರ.
ಶಾಲೆಯ ಮೈದಾನದಲ್ಲಿ ಏಣಿ ಹಾಸುತ್ತೇನೆ.
ಹತ್ತುವ ಏಣಿಯಲ್ಲ.
ಸೀತಾಫಲದ ತೋಟದವರು ಬಿಸಾಕಿದ ಬಲೆಯ ಹಗ್ಗಕ್ಕೆ
ಬಿದಿರ ಸೀಳು ಬಿಗಿದದ್ದು. ಕುಂಟೆಬಿಲ್ಲೆಯ ಹಾಗೆ
ಹನ್ನೆರಡು ಮನೆ, ಒಂದೊಂದೂ
ಎರಡು ಗೇಣಿಗೆ ನಾಲ್ಕು ಬೆರಳು ಕಮ್ಮಿ.
ಇದನ್ನು ನಂಬಿ ಯಾರೂ ಅಟ್ಟ ಸೇರಿದ್ದಿಲ್ಲ.

ಒಳಗೆ ಒಳಗೆ, ಹೊರಗೆ ಹೊರಗೆ,
ಒಳಗೆ ಒಳಗೆ, ಹೊರಗೆ ಹೊರಗೆ.

ಒಫಾದ್ ಹಾರುಮೀನು. ನೆಲ ಅವನಿಗೆ ಬರೀ ನೆಪ.
ನಕಾವ್, ತಂಡದ ಒಬ್ಬಳೇ ಹುಡುಗಿ,
ಅಮ್ಮನ ತಿಂಡಿ ಅಂಗಡಿಯಲ್ಲಿ ಚಿಲ್ಲರೆ ಎಣಿಸುವ ಹಾಗೆ
ತುಟಿಯಲ್ಲೇ ಎಣಿಸುತ್ತ ದಾಟುತ್ತಾಳೆ, ಒಂದು ಪೈಸೆ ಹೆಚ್ಚುಕಮ್ಮಿ ಇಲ್ಲ.
ಆಮೇಲೆ ಲೆಕಲ್.
ಮೂರನೇ ಮನೆಯಲ್ಲಿ ಬಿದಿರು ಚಟ್ಟೆಂದಿತು.
ಐದರಲ್ಲಿ ಹಗ್ಗ ಹೆಬ್ಬೆರಳಿಗೆ ಸುತ್ತಿತು.
ಏಳಕ್ಕೆ ಬಂದವನು ಏಣಿಯನ್ನೇ ಎಳೆದುಕೊಂಡು ಓಡಿದ,
ಗೂಟ ಕಿತ್ತ ಹೋರಿ.
ಎಲ್ಲರೂ ನಕ್ಕರು. ಅವನೂ ನಕ್ಕ.
ಕಲ್ಲು ಹುಡುಕಿ ತಂದು ಗೂಟ ಮತ್ತೆ ಹೊಡೆದವನೂ ಅವನೇ.

ಓಡಬೇಡ, ಅಂದೆ. ಮೊದಲು ನಿಲ್ಲುವುದನ್ನು ಕಲಿ.
ಮೊಣಕಾಲು ಸಡಿಲ, ಸೊಂಟ ತಗ್ಗು,
ಭಾರವೆಲ್ಲ ಮುಂಗಾಲಿಗೆ.
ಹಿಮ್ಮಡಿ ಊರಿದವನಿಗೆ ಚೆಂಡು ಹಳೇ ಸುದ್ದಿ.

ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ.
ಇಪ್ಪತ್ತಾರನೇ ವಯಸ್ಸು, ತೈಚುಂಗಿನಲ್ಲಿ ರಾತ್ರಿ ಪಂದ್ಯ,
ಎರಡನೇ ಬೇಸಿನ ಬಳಿ ಗಿರ್ರನೆ ತಿರುಗಿದೆ.
ತೊಡೆ ತಿರುಗಿತು. ಪಾದ ಅಲ್ಲೇ ಉಳಿಯಿತು.
ದೀಪಗಳು ಬಹಳ ಚೆನ್ನಾಗಿದ್ದವು.
ಅಲ್ಲಿಯವರೆಗೆ ನಾನು ಕಾಲಿಗೆ ಬುದ್ಧಿ ಹೇಳಿದ್ದೇ ಇಲ್ಲ,
ಬೈದಿದ್ದೆ, ಅಷ್ಟೆ.

ಫೆಬ್ರವರಿಯಲ್ಲಿ ಲೆಕಲ್, ಮೊದಲ ಬೇಸಿಗೆ: ನಾಲ್ಕು ಪಾಯಿಂಟ್ ಒಂಬತ್ತು.
ಮೇ ತಿಂಗಳಲ್ಲಿ ನಾಲ್ಕು ಪಾಯಿಂಟ್ ಎಂಟು.
ಬೆನ್ನಿಗೆ ಬೀಸಿದ ಗಾಳಿಗೆ ಅದರ ಪಾಲು ಕೊಟ್ಟರೆ
ಹುಡುಗನಿಗೆ ಉಳಿಯುವುದು ಸೊನ್ನೆ.
ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು ಸುಳ್ಳು ಹೇಳಿದೆ.
ಅವನಿಗೆ ಗೊತ್ತಾಯಿತು ಅಂತ ನನಗೂ ಗೊತ್ತಾಯಿತು.

ಅವತ್ತಿನಿಂದ ಬೆಂಚಿನ ಮೂಲೆಯಲ್ಲಿ ಕೂತು
ಪಿಚ್ಚರುಗಳ ಕೈ ಬಿಟ್ಟು ಕಾಲು ನೋಡತೊಡಗಿದ.
ಬಲ ಹಿಮ್ಮಡಿ ಎದ್ದರೆ ಚೆಂಡು ನಮ್ಮ ಕಡೆ, ಕೋಚ್.
ಎಡ ಹಿಮ್ಮಡಿ ಎದ್ದರೆ ಬ್ಯಾಟಿನ ಕಡೆ.
ಅಷ್ಟರಲ್ಲಿ ನಾನು ಹೊರಟಿರಬೇಕು, ಅಲ್ವಾ?
ಅಲ್ವಾ ಅನ್ನುವಾಗ ಅವನ ಬಾಯ್ತುಂಬ ಸಿಹಿಗೆಣಸು.

ಜೂನ್. ಹ್ವಾಲಿಯೆನ್‌ನವರ ಮೈದಾನ, ಕೊನೆಯ ಇನ್ನಿಂಗ್ಸ್,
ಒಂದೇ ರನ್ನು ಬಾಕಿ, ಮೊದಲ ಬೇಸಿನಲ್ಲಿ ಲೆಕಲ್.
ಎಂದೂ ಓಡದವನನ್ನು ಪಿಚ್ಚರ್ ತಿರುಗಿಯೂ ನೋಡಲಿಲ್ಲ.
ಎಡ ಹಿಮ್ಮಡಿ ಎದ್ದಿತೋ ಇಲ್ಲವೋ
ಲೆಕಲ್ ಅಡ್ಡಹೆಜ್ಜೆ ಹಾಕಿಯಾಗಿತ್ತು.

ಅಂಪೈರಿನ ಕೈ ಎತ್ತ ಹೋಯಿತೋ ನಾನು ನೋಡಲಿಲ್ಲ.
ಜನ ಕೂಗಿದರು, ಧೂಳು ಎದ್ದಿತು,
ನಾನಿನ್ನೂ ಅವನು ಬಿಟ್ಟುಹೋದ ಜಾಗದಲ್ಲೇ ಇದ್ದೆ:
ಒದ್ದೆ ಮಣ್ಣಲ್ಲಿ ಮುಂಗಾಲಿನ ಒಂದು ಗುಳಿ,
ಆಳ.
ಹಿಮ್ಮಡಿಯ ಗುರುತೇ ಇಲ್ಲ.

ಔಟ್, ಅಂತ ನಕಾವ್ ಬಂದು ಹೇಳಿದಳು. ಒಂದು ಗೇಣು.

ಎದೆತುಂಬ ಮಣ್ಣು ಮೆತ್ತಿಕೊಂಡು ಬಂದವನು ಅಳಲಿಲ್ಲ.
ಆ ಒಂದು ಗೇಣು ಎಲ್ಲಿ ಸಿಗುತ್ತೆ, ಕೋಚ್?
ಬಸ್ಸಿನ ಡಿಕ್ಕಿಯಲ್ಲಿದೆ, ಅಂದೆ, ಸುರುಳಿ ಸುತ್ತಿ ಇಟ್ಟಿದ್ದೇನೆ.

ತಮಾಷೆಗೆ ಅಂದದ್ದು.
ಊಟ ಮುಗಿಸಿ ಹೊರಗೆ ಬಂದರೆ
ಪರವೂರಿನ ಪಾರ್ಕಿಂಗ್ ಜಾಗದಲ್ಲಿ, ಎರಡು ಲಾರಿಗಳ ನಡುವೆ,
ಒಳಗೆ ಒಳಗೆ, ಹೊರಗೆ
ಚಟ್.