ಹೊಲಿಗೆ ಸೋರುತ್ತದೆ

ಮ್ಯಾಕಲ್ಸ್‌ಫೀಲ್ಡಿನ ಈ ಗಿರಣಿಯಲ್ಲಿ
ಬೇಯಿಸಿದ ಮೊಟ್ಟೆ ನಿಷಿದ್ಧ.
ಮಡಿ ಮೈಲಿಗೆಯ ಮಾತಲ್ಲ;
ಮೊಟ್ಟೆಯ ಉಸಿರು ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ,
ಕಪ್ಪಾದ ಥಾನು ವಾಪಸು ಬರುತ್ತದೆ.
ಅದಕ್ಕೇ ಈನಿಡ್ ವಾರ್ಡಲ್
ಮಂಜು ಸುರಿದರೂ ಅಂಗಳದ ಗೋಡೆಗೊರಗಿ ನಿಂತು
ತನ್ನ ಸ್ಯಾಂಡ್‌ವಿಚ್ ಮುಗಿಸಿ,
ಎರಡು ಸಲ ಕೈತೊಳೆದು ಒಳಬರುತ್ತಾಳೆ.

ಅವಳ ಅಜ್ಜಿ ಇದೇ ಚಾವಣಿಯಡಿ ರೇಷ್ಮೆ ಟೈ ನೇಯ್ದವಳು.
ನಾವು ನೇಯುವುದು ಪರದೆ:
ಹಾಸು ನೈಲಾನು, ಹೊಕ್ಕು ಬೆಳ್ಳಿ ಹೊದ್ದ ನೂಲು.
ಜರಿಯೆಂದರೆ ಜರಿಯೇ, ಆದರೆ
ಯಾವ ಮದುವೆಗೂ ಹೋಗದ ಜರಿ.
ಗುಳೇದಗುಡ್ಡದಲ್ಲಿ ನನ್ನ ಸೋದರತ್ತೆ
ಜರಿಯನ್ನು ಉಗುರಿಂದ ಕೆರೆದು, ಕೆಂಪು ಕಂಡರೆ
ಬೈದು ಎದ್ದುಬರುತ್ತಿದ್ದಳು.
ಇಲ್ಲಿ ಉಗುರು ತಾಗಿಸುವಂತಿಲ್ಲ.

ಮಡಚಬಹುದು, ಸುತ್ತಬಹುದು, ಕಂಬಕ್ಕೆ ಬಳಸಬಹುದು.
ಮೂಲೆಯ ಯಂತ್ರ ಹಗಲೂ ರಾತ್ರಿ
ಒಂದೇ ಚೂರಿಗೆ ಹತ್ತು ಸಾವಿರ ನಮಸ್ಕಾರ ಹಾಕಿಸುತ್ತದೆ.
ಏಳು ಸಾವಿರಕ್ಕೇ ಬೆಳ್ಳಿ ಬಿರಿದರೆ
ಕಣ್ಣಿಗೆ ಕಾಣದು;
ಮೀಟರಿನ ಮುಳ್ಳು ಚಾಡಿ ಹೇಳುತ್ತದೆ.

ನನ್ನ ಕೆಲಸ ಹೊಲಿಗೆಯದು.
ಬಟ್ಟೆ ಸೋರುವುದಿಲ್ಲ, ಮೊದಲ ದಿನವೇ ಈನಿಡ್ ಹೇಳಿದಳು,
ಸೋರುವುದು ಹೊಲಿಗೆ.
ಕೂದಲೆಳೆಯಗಲ, ಗೇಣುದ್ದ ಸಂದು ಸಾಕು,
ಅಲೆಗೆ ಅದೇ ಊರಬಾಗಿಲು.
ಅಂಚು ಮಡಚಿ, ಮತ್ತೆ ಮಡಚಿ,
ಬೆಳ್ಳಿಗೆ ಬೆಳ್ಳಿ ಮುಟ್ಟಿಸಿ ಒತ್ತಾಗಿ ಹೊಲಿದು
ಚೀಲದೊಳಗೆ ನನ್ನ ಫೋನಿಟ್ಟು
ಅವಳ ಫೋನಿಂದ ಕರೆ ಮಾಡುತ್ತೇನೆ.
ರಿಂಗಾದರೆ ಬಿಚ್ಚಬೇಕು.
ಆಗದಿದ್ದರೆ ಚಹಾ.

ಬಹಳ ದಿನ ಅಂದುಕೊಂಡಿದ್ದೆ
ಇದೂ ಒಂದು ಥರದ ಕೊಡೆ, ಹೊರಗಿನದನ್ನು ಹೊರಗಿಡಲು ಅಂತ.
ಈ ಸಲದ ಪರದೆ ಹೊರಟಿದ್ದು ಊರಾಚೆ,
ಹುಲ್ಲುಗಾವಲಲ್ಲಿ ಆಕಾಶಕ್ಕೆ ಬಾಯ್ದೆರೆದು ಕೂತ
ಆ ದೊಡ್ಡ ಬೋಗುಣಿಯ ಹತ್ತಿರ.
ಕೋಣೆ ತುಂಬ ಕಂಪ್ಯೂಟರು, ಒಂದು ಮೈಕ್ರೋವೇವ್ ಒಲೆ;
ಅವುಗಳ ಗುಸುಗುಸು ಬೋಗುಣಿಗೆ ಬೀಳಬಾರದಂತೆ.
ಕೊನೆಯ ಅಂಚಿಗೆ ಪಟ್ಟಿ ಒತ್ತುವಾಗ ಹೊಳೆಯಿತು,
ಗದ್ದಲ ನಮ್ಮದು.
ಅಷ್ಟು ದೂರದಿಂದ ಬರುತ್ತಿರುವ ದನಿ
ಯಾರದೋ ಅನ್ನ ಬಿಸಿಮಾಡುವ ಸದ್ದಿಗೇ
ಸತ್ತುಹೋಗುವಷ್ಟು ಸಣ್ಣದು.

ವ್ಯಾನಿನಲ್ಲಿ ವಾಪಸು ಬರುವಾಗ
ಈನಿಡ್ ಬಾಯಿಬಿಡಲಿಲ್ಲ.
ಚೆಲ್ಫರ್ಡ್ ರಸ್ತೆಯ ಕೆಂಪು ದೀಪಕ್ಕೆ ನಿಂತಾಗ ಕೇಳಿದಳು:
ಮೂರನೆಯ ಅಂಚು, ಎಡಗಡೆಯದು,
ಎರಡು ಸಲ ಮಡಚಿದ್ದೆಯಲ್ಲ?